ಗಲಾಂಟಾದ ಕುಣಿತ, ನಮ್ಮೂರ ಡೊಳ್ಳು

ಬುಡಾಪೆಸ್ಟ್‌ನ ಸಭಾಂಗಣವೊಂದರಲ್ಲಿ ಹಂಗೇರಿಯ ಸಂಯೋಜಕ ಜೊಲ್ತಾನ್ ಕೊದಾಯಿಯವರ ವಾದ್ಯವೃಂದ ಕೃತಿ 'ಗಲಾಂಟಾದ ಕುಣಿತಗಳು' ಕೇಳಿ ಹೊರಬರುತ್ತಿದ್ದಾಗ, ಜೊತೆಗಿದ್ದ ಹಂಗೇರಿಯ ಸಹೋದ್ಯೋಗಿ, ನಿಮ್ಮ ನಾಡಿನ ಯಾವ ಕುಣಿತವನ್ನು ನಿಮ್ಮ ವಾದ್ಯವೃಂದಗಳು ನುಡಿಸುತ್ತವೆ ಎಂದು ಸಹಜವಾಗಿಯೇ ಕೇಳಿದರು. ಶಿವಮೊಗ್ಗ ಸೀಮೆಯಲ್ಲಿ ಡೊಳ್ಳಿನ ಸದ್ದು ಕೇಳುತ್ತಲೇ ಬೆಳೆದ ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆ ಇನ್ನೂ ಚುಚ್ಚುತ್ತಿದೆ.

ಗಲಾಂಟಾ ಸಣ್ಣ ಊರು. ಈಗ ಅದು ಸ್ಲೊವಾಕಿಯಾಕ್ಕೆ ಸೇರಿದೆ. (ಗಡಿ ಸರಿದರೂ ನೆನಪು ಸರಿಯುವುದಿಲ್ಲವೆಂಬುದನ್ನು ನಮ್ಮ ಕಾಸರಗೋಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.) ರೈಲ್ವೆ ನೌಕರನ ಮಗನಾದ ಕೊದಾಯಿ ಬಾಲ್ಯದ ಏಳು ವರ್ಷಗಳನ್ನು ಅಲ್ಲಿ ಕಳೆದರು, ಅವರ ಕಿವಿಗೆ ಬಿದ್ದ ಮೊದಲ ಮೇಳ ಅಲ್ಲಿನ ರೋಮಾ (ಜಿಪ್ಸಿ) ವಾದಕರದು. 1933ರಲ್ಲಿ ಬುಡಾಪೆಸ್ಟ್ ಫಿಲ್ಹಾರ್ಮೊನಿಕ್ ವಾದ್ಯವೃಂದ ಸಂಸ್ಥೆಗೆ 80 ವರ್ಷ ತುಂಬಿದಾಗ, 1800ರ ಸುಮಾರಿಗೆ ವಿಯೆನ್ನಾದಲ್ಲಿ ಅಚ್ಚಾಗಿದ್ದ ಗಲಾಂಟಾ ವಾದಕರ ಮಟ್ಟುಗಳನ್ನು ಹುಡುಕಿ ತೆಗೆದು ಅವರು ಈ ಕೃತಿ ರಚಿಸಿದರು. ಹಳ್ಳಿಯ ಹುಡುಗರನ್ನು ಸೈನ್ಯಕ್ಕೆ ಸೆಳೆಯಲು ಕುಣಿಯುತ್ತಿದ್ದ 'ವೆರ್ಬುಂಕೋಶ್' ಇದರ ಬೇರು. ಚೆಲ್ಲೋಗಳು ಗಂಭೀರವಾಗಿ ಆರಂಭಿಸಿದ ಮೇಲೆ ಕ್ಲಾರಿನೆಟ್ ಒಂಟಿಯಾಗಿ ನಿಂತು ಆಲಾಪ ಮಾಡುವಂತೆ ನುಡಿಯುತ್ತದೆ. ಕ್ರಮೇಣ ಲಯ ಬಿಗಿಯಾಗುತ್ತ ಹೋಗಿ, ಕುಣಿತ ಉಚ್ಛ್ರಾಯಕ್ಕೇರಿದಾಗ ಎಲ್ಲವೂ ತಟ್ಟನೆ ನಿಲ್ಲುತ್ತದೆ. ಕೊಳಲು, ಓಬೋ, ಕ್ಲಾರಿನೆಟ್‌ಗಳು ಹಿಂದಿನದನ್ನು ಕ್ಷಣಕಾಲ ಸ್ಮರಿಸಿದ ಮೇಲೆಯೇ ಕೊನೆಯ ಬಿರುಸು. ಊರ ಕುಣಿತಕ್ಕೆ ಸಲ್ಲಬೇಕಾದ ಗೌರವ ಎಂದರೆ ಇದೇ ಎಂದು ನನಗನಿಸಿತು.

ನಮ್ಮಲ್ಲಿ ಡೊಳ್ಳಿನವರನ್ನು ಕರೆಸುವುದು ಮೆರವಣಿಗೆಗೆ. ಸಚಿವರ ಕಾರಿಗಾಗಿ ಉರಿಬಿಸಿಲಲ್ಲಿ ಕಾಯುವ ಅವರು, ಕಾರು ಬಂದೊಡನೆ ಬಾರಿಸುತ್ತಾರೆ, ಕುಣಿಯುತ್ತಾರೆ. ಅತಿಥಿಗಳು ಒಳಹೊಕ್ಕೊಡನೆ ಬಾಗಿಲ ಹೊರಗೇ ಉಳಿಯುತ್ತಾರೆ. ಒಳಗೆ ಪ್ರಾರ್ಥನೆ, ಸ್ವಾಗತ, ಹಾರತುರಾಯಿ. ಮೈಸೂರಿನಲ್ಲಿ ಅರಮನೆಯ ಕಾಲದಿಂದ ಪಾಶ್ಚಾತ್ಯ ವಾದ್ಯಗಳ ಪರಿಚಯವಿದೆ. ರಷ್ಯಾದ ಸಂಯೋಜಕ ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆ ಜಯಚಾಮರಾಜ ಒಡೆಯರು ಹಣ ಕೊಟ್ಟಿದ್ದರು. ಹೀಗಿದ್ದೂ ಕಂಸಾಳೆಯ ಲಯವನ್ನಾಗಲಿ, ಕರಡಿ ಮಜಲಿನ ಗತ್ತನ್ನಾಗಲಿ ಆಧರಿಸಿದ, ನಾಡು ತನ್ನದೆಂದು ತೋರಿಸಬಲ್ಲ ದೊಡ್ಡ ವಾದ್ಯಕೃತಿ ನನ್ನ ಅರಿವಿಗೆ ಬಂದಿಲ್ಲ.

ಬಿ.ವಿ. ಕಾರಂತರು ಜನಪದ ವಾದ್ಯಗಳನ್ನು ರಂಗಸಂಗೀತಕ್ಕೆ ತಂದು ಮೆರೆಸಿದ್ದನ್ನು ಇಲ್ಲಿ ಒಪ್ಪಲೇಬೇಕು. ಇನ್ನೊಂದನ್ನೂ, ಮನಸ್ಸಿಲ್ಲದಿದ್ದರೂ, ಹೇಳಬೇಕು: ಬುಡಾಪೆಸ್ಟ್‌ನ ಆ ಸಭಾಂಗಣದಲ್ಲಿ ಎದ್ದು ಕುಣಿಯುವವರಿಲ್ಲ. ಹಳ್ಳಿಗಳ ಹೆಜ್ಜೆಗಳನ್ನು ನಗರದ ಯುವಜನರು ಮತ್ತೆ ಕಲಿಯತೊಡಗಿದ 'ತಾಂತ್ಸ್‌ಹಾಝ್' ಚಳವಳಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದ್ದೇ 1972ರಲ್ಲಿ. ನಮ್ಮಲ್ಲಾದರೋ ಬೀರೇಶ್ವರನ ಜಾತ್ರೆಯಲ್ಲಿ ಮಗ ಅಪ್ಪನ ಪಕ್ಕದಲ್ಲೇ ನಿಂತು ಡೊಳ್ಳು ಕಲಿಯುತ್ತಾನೆ. ಆದರೂ ನಮ್ಮ ಸಂಗೀತ ವಿದ್ಯಾಲಯಗಳು ಒಬ್ಬ ಸಂಯೋಜಕನನ್ನು ಒಂದು ಜಾತ್ರೆಯ ಋತುವಿಡೀ ಡೊಳ್ಳಿನವರೊಡನೆ ಕೂರಿಸಿ, ಆ ಪೆಟ್ಟುಗಳನ್ನು ಅವರಿಂದಲೇ ಬರೆಸಿಕೊಳ್ಳಲಿ. ಕೃತಿ ಸಿದ್ಧವಾದ ದಿನ ಅದೇ ತಂಡ ವೇದಿಕೆಯ ಮೇಲೆ, ಪಿಟೀಲಿನವರ ಪಕ್ಕದಲ್ಲಿ, ತಮ್ಮ ಹೆಸರಿನೊಡನೆ ಕೂರಲಿ.