ಟೈಮ್‌ಝೋನ್, ಸರ್ಟಿಫಿಕೇಟ್ ಪ್ಯಾಕೇಜು ದಂಡ ಅನ್ನೋ ಮಾತಿಗೆ ಸ್ಪಷ್ಟನೆ

ಪುಣೆಲಿ ಹಿಂಜವಡಿ, ಖರಾಡಿ ಕಡೆ ಕೆಲಸ ಮಾಡೋ ನಮ್ಮ ಕನ್ನಡದವರ ಮಧ್ಯೆ ಒಂದು ಮಾತು ಓಡಾಡ್ತಿದೆ, ಡಾಕರ್‌ನ ಮಿನಿಮಲ್ ಇಮೇಜ್ (ಆ್ಯಪ್ ಮತ್ತೆ ಅದು ಓಡೋಕೆ ಬೇಕಾದ್ದನ್ನ ಮಾತ್ರ ಕಟ್ಟಿಟ್ಟ ಸಣ್ಣ ಪ್ಯಾಕ್) ಅಂದ್ರೆ ಟೈಮ್‌ಝೋನ್ ಡೇಟಾ, ಸಿಎ ಸರ್ಟಿಫಿಕೇಟ್ಸ್ (ಯಾವ ವೆಬ್‌ಸೈಟ್ ನಂಬ್ಬೋದು ಅಂತ ಪರೀಕ್ಷೆ ಮಾಡೋಕೆ ಬೇಕಾದ ಪಟ್ಟಿ) ಎಲ್ಲಾ ದಂಡ, ಕೊನೇಲಿ ಕಿತ್ತಾಕಿ ಇಮೇಜ್ ಸಣ್ಣ ಆಗುತ್ತೆ ಅಂತ. ಇದು ತಪ್ಪು, ದಯವಿಟ್ಟು ಹಂಗೇ ಮುಂದಕ್ಕೆ ಕಳಿಸ್ಬೇಡಿ.

ಮೊದಲು ಸೈಜ್ ವಿಷ್ಯ. ಡಾಕರ್ ಇಮೇಜ್ ಪದರ ಪದರವಾಗಿ (ಲೇಯರ್) ಕಟ್ಟೋದು, ಒಂದು ಲೇಯರ್‌ನಲ್ಲಿ ಹಾಕಿದ್ದನ್ನ ಮುಂದಿನ ಲೇಯರ್‌ನಲ್ಲಿ ಡಿಲೀಟ್ ಮಾಡಿದ್ರೆ ಅದು ಕಾಣಲ್ಲ ಅಷ್ಟೇ, ಹಳೇ ಲೇಯರ್ ಹಂಗೇ ಇರುತ್ತೆ, ಒಂದು ಕೆಬಿನೂ ಕಮ್ಮಿ ಆಗಲ್ಲ.

ಇನ್ನು ಟೈಮ್‌ಝೋನ್ ಡೇಟಾ ಇಲ್ದೆ ಏಷ್ಯಾ/ಕೋಲ್ಕತಾ ಅಂತ ಸೆಟ್ ಮಾಡಿದ್ರೆ ಸಾಮಾನ್ಯವಾಗಿ ಯಾವ ಎರರೂ ಬರಲ್ಲ, ಸದ್ದಿಲ್ದೆ ಯುಟಿಸಿಗೆ (ಭಾರತದ ಟೈಮ್‌ಗಿಂತ ಐದೂವರೆ ಗಂಟೆ ಹಿಂದಿರೋ ವಿಶ್ವ ಸಮಯ) ಹೋಗುತ್ತೆ, ಬೆಳಗ್ಗೆ 10:00ಕ್ಕೆ ಆಗಿದ್ದು ಲಾಗ್‌ನಲ್ಲಿ 04:30 ಅಂತ ಬೀಳುತ್ತೆ, ರಾತ್ರಿ ಪಾಳಿಯವರು ತಲೆ ಕೆಡಿಸ್ಕೋತಾರೆ.

ಸರ್ಟಿಫಿಕೇಟ್ ಕಥೆ ಇನ್ನೂ ಕೆಟ್ಟದ್ದು. ಡೆಬಿಯನ್ ಲಿನಕ್ಸ್‌ನಲ್ಲಿ ಕರ್ಲ್ (ವೆಬ್‌ನಿಂದ ಡೇಟಾ ತರೋ ಟೂಲ್) ಜೊತೆ ಇದು ಬರೀ ರೆಕಮೆಂಡ್ಸ್ (ಕಡ್ಡಾಯ ಅಲ್ಲ, ಇದ್ರೆ ಒಳ್ಳೇದು ಅನ್ನೋ ಪ್ಯಾಕೇಜು) ಆಗಿ ಬರೋದು, ಇನ್‌ಸ್ಟಾಲ್ ಮಾಡುವಾಗ ರೆಕಮೆಂಡ್ಸ್ ಬೇಡ ಅಂತ ಫ್ಲ್ಯಾಗ್ ಕೊಟ್ರೆ ಕರ್ಲ್ ಬರುತ್ತೆ ಸರ್ಟಿಫಿಕೇಟ್ ಬರಲ್ಲ, ಎಚ್‌ಟಿಟಿಪಿಎಸ್ ಫೇಲ್, ಆಗ ಯಾರೋ ಅರ್ಜೆಂಟಲ್ಲಿ ಸರ್ಟಿಫಿಕೇಟ್ ವೆರಿಫಿಕೇಶನ್ನೇ ಆಫ್ ಮಾಡ್ತಾರೆ! ಸೆಕ್ಯೂರಿಟಿಗೆ ಅಂತ ಸಣ್ಣ ಮಾಡಿ ಬಾಗಿಲೇ ತೆಗೆದಿಟ್ಟಂಗೆ. (ಜಾವಾ, ನೋಡ್ ತಮ್ಮದೇ ಪಟ್ಟಿ ಇಟ್ಕೊಂಡಿರ್ತವೆ, ಅಲ್ಲಿ ಈ ತೊಂದ್ರೆ ಕಮ್ಮಿ.)

ಕಂಪೈಲರ್, ಎಡಿಟರ್, ಮ್ಯಾನ್ ಪೇಜ್, ಏಪಿಟಿ (ಡೆಬಿಯನ್‌ನ ಪ್ಯಾಕೇಜ್ ಇನ್‌ಸ್ಟಾಲರ್) ಲಿಸ್ಟ್ ಫೈಲ್ಸ್, ಇವನ್ನ ಧಾರಾಳವಾಗಿ ಹೊರಗಿಡಿ. ರೆಕಮೆಂಡ್ಸ್ ಬೇಡ ಅನ್ನೋ ಫ್ಲ್ಯಾಗ್ ಕೂಡ ಬಳಸಿ, ಆದ್ರೆ ಬೇಕಾದ್ದನ್ನ ಹೆಸರು ಹಿಡಿದು ಹಾಕಿ, ಮತ್ತೆ ಕಂಟೇನರ್ ಒಳಗಿಂದ ಒಂದು ಎಚ್‌ಟಿಟಿಪಿಎಸ್ ಕಾಲ್ ಮಾಡಿ ನೋಡಿ, ಟೈಮ್ ಸರಿ ಇದೆಯಾ ಅಂತ ಡೇಟ್ ಕಮಾಂಡೂ ಒಮ್ಮೆ ಓಡ್ಸಿ.