ಬಂಗುಡೆಗೊಂದು ಟ್ರಿಪ್ ಟಿಕೆಟ್

ಮೊನ್ನೆ ಮಂಗಳೂರಿನ ನಂತೂರಿನಲ್ಲಿ ಮತ್ತೆ ತಡೆದು ನಿಲ್ಲಿಸಿದರು. ವಿಷಯ ನಿಮಗೆ ಗೊತ್ತೇ ಉಂಟು, ನೀವೂ ಹಿಂದೆ ಎಲ್ಲೋ ಹಾರ್ನ್ ಒತ್ತುತ್ತಾ ನಿಂತಿದ್ದವರೇ. ಮಾನ್ಯರೊಬ್ಬರು ಬಜ್ಪೆಯಲ್ಲಿ ವಿಮಾನ ಇಳಿದು ಪಂಪ್‌ವೆಲ್ ಕಡೆ ದಯಮಾಡಿಸುತ್ತಿದ್ದರು. ನಾವು ಬಿಕರ್ನಕಟ್ಟೆಯಿಂದ ದಕ್ಕೆಗೆ ಮೀನಿಗೆ ಹೊರಟವರು. ಮಾನ್ಯರು ಕೂತಿದ್ದ ಕಾರು ಒಂದು. ಅದರ ಹಿಂದೆ ಮುಂದೆ ಇದ್ದದ್ದು 16. ಒಬ್ಬ ಮನುಷ್ಯನನ್ನು ಸಾಗಿಸಲು 17 ಕಾರು ಬೇಕು ಅಂದರೆ ಆ ಮನುಷ್ಯ ಎಷ್ಟು ಭಾರ ಇರಬೇಕು ಮಾರಾಯ್ರೇ!

ಎಣಿಸಿದ್ದು ನಾನಲ್ಲ. ಪಕ್ಕದಲ್ಲಿ ಕೂತಿದ್ದ ಜೂಬಾ ಮಾವ. ಎಣಿಸಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ಎಷ್ಟು ಗಾಡಿಗೆ ಟ್ರಿಪ್ ಟಿಕೆಟ್ ಉಂಟು?" ಟ್ರಿಪ್ ಟಿಕೆಟ್ ಅಂದರೆ ಗಾಡಿ ಯಾವಾಗ, ಎಷ್ಟು ದೂರ, ಯಾಕೆ ಓಡಿತು ಅಂತ ಬರೆದಿಡುವ ಚೀಟಿ.

ಮಾವನ ಹೆಸರಿನ ಕಥೆ ಹೇಳದಿದ್ದರೆ ಮುಂದಕ್ಕೆ ಹೋಗಲಿಕ್ಕಾಗುವುದಿಲ್ಲ. ಅವರು ದಕ್ಷಿಣ ಸುಡಾನಿನ ರಾಜಧಾನಿ ಜೂಬಾದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ವಾಹನ ವಿಭಾಗದಲ್ಲಿ ಇದ್ದವರು. ಹೋದ ಹೊಸದರಲ್ಲಿ ಮನೆಗೆ ಫೋನ್ ಮಾಡಿ "ನಾನು ಜೂಬಾದಲ್ಲಿ ಇದ್ದೇನೆ" ಅಂದರು. ಲೈನ್ ಸರಿ ಇರಲಿಲ್ಲ. ಅಜ್ಜಿ "ಒಳ್ಳೇದಾಯ್ತು, ಸೆಖೆಗೆ ಜುಬ್ಬಾವೇ ಒಳ್ಳೇದು" ಅಂತ ಫೋನ್ ಇಟ್ಟರು. ಆಮೇಲೆ ಊರಿಡೀ, ಹುಡುಗನಿಗೆ ಆಫ್ರಿಕಾದಲ್ಲಿ ಜುಬ್ಬಾದ ಅಂಗಡಿಯಲ್ಲಿ ಕೆಲಸ ಸಿಕ್ಕಿತು ಅಂತ ಸುದ್ದಿ. ಈಗಲೂ ಮದುವೆ ಮನೆಯಲ್ಲಿ ಯಾರಾದರೂ ಹಿರಿಯರು ಅವರನ್ನು ಕರೆದು ಬಟ್ಟೆಯ ರೇಟು ಕೇಳುವುದುಂಟು. ಮಾವ ರೇಟು ಹೇಳುತ್ತಾರೆ ಕೂಡ.

ಶಾಂತಿಪಾಲನೆ ಅಂದಾಗ ನಮ್ಮ ಕಣ್ಣಿಗೆ ಬರುವುದು ನೀಲಿ ಟೊಪ್ಪಿಯ ಸೈನಿಕ. ಮಾವನ ಕಣ್ಣಿಗೆ ಬರುವುದು ಏರ್ ಫಿಲ್ಟರ್. 1948ರಿಂದ ನಡೆದು ಬಂದಿರುವ ಈ ಕೆಲಸ ಮುಕ್ಕಾಲು ಪಾಲು ಗ್ಯಾರೇಜಿನದ್ದು ಅಂತ ಅವರ ವಾದ. ಬಿಳಿ ಗಾಡಿ, ಅದರ ಮೈಮೇಲೆ "ಯು.ಎನ್." ಅಂತ ಎರಡು ಕಪ್ಪು ಅಕ್ಷರ. ಸಾಮಾನು ಇಟಲಿಯ ಬ್ರಿಂಡಿಸಿಯ ಗೋದಾಮಿನಿಂದಲೋ, ಉಗಾಂಡದ ಎಂಟೆಬ್ಬೆಯ ಕಡೆಯಿಂದಲೋ ಬರಬೇಕು. ಬರುವಷ್ಟರಲ್ಲಿ ಮಳೆ ಹಿಡಿಯುತ್ತದೆ. ಮಳೆ ಹಿಡಿದರೆ ದಕ್ಷಿಣ ಸುಡಾನಿನ ಮಣ್ಣಿನ ರಸ್ತೆ ತಿಂಗಳುಗಟ್ಟಲೆ ಇರುವುದೇ ಇಲ್ಲ. ನಮಗೆ ಚಾರ್ಮಾಡಿ ಕುಸಿದರೆ ಶಿರಾಡಿ ಉಂಟು, ಶಿರಾಡಿಯೂ ಕುಸಿದರೆ ಪೇಪರಿನಲ್ಲಿ ಅದರ ಫೋಟೋವಾದರೂ ಉಂಟು. ಅಲ್ಲಿ ಹೆಲಿಕಾಪ್ಟರು, ಇಲ್ಲವೇ ನೈಲ್ ನದಿಯ ದೋಣಿ. ಕೆಸರಲ್ಲಿ ಕೂತ ಲಾರಿ ಕೂತಲ್ಲೇ.

ಆದರೆ ಲೆಕ್ಕ ಮಾತ್ರ ಕೂರುವುದಿಲ್ಲ. ಗಾಡಿಯೊಳಗೆ ಕಾರ್‌ಲಾಗ್ ಅಂತ ಒಂದು ಪೆಟ್ಟಿಗೆ. ಚಾಲಕ ತನ್ನ ಕಾರ್ಡ್ ಉಜ್ಜಬೇಕು, ಆಮೇಲೆ ಮುಂದಿನ ಮಾತು. ಯಾರು ಓಡಿಸಿದರು, ಎಷ್ಟು ದೂರ, ಎಷ್ಟು ವೇಗ, ಎಲ್ಲಿ ಗಕ್ಕನೆ ಬ್ರೇಕ್ ಒತ್ತಿದರು, ಎಲ್ಲ ಅದರ ಹೊಟ್ಟೆಗೆ. ಜಾಸ್ತಿ ಸ್ಪೀಡ್ ಹೋದರೆ ಪರ್ಮಿಟ್ ಅಮಾನತು, ಎಷ್ಟೇ ದೊಡ್ಡ ಸಾಹೇಬನಾದರೂ ನಡೆದುಕೊಂಡು ಹೋಗಬೇಕು. ಹೊರಗಿನವರನ್ನು ಕೂರಿಸಿಕೊಳ್ಳಲು ಮೊದಲು ಅವರಿಂದ ಸಹಿ, ಏನಾದರೂ ಆದರೆ ನಿಮ್ಮನ್ನು ಕೇಳುವುದಿಲ್ಲ ಅಂತ. ಭಾನುವಾರ ಸ್ವಂತ ಕೆಲಸಕ್ಕೆ ಗಾಡಿ ಒಯ್ದರೆ ಕಿಲೋಮೀಟರಿಗಿಷ್ಟು ಅಂತ ಸಂಬಳದಲ್ಲಿ ಕಡಿತ. ಅದಕ್ಕೆ "ಲಿಬರ್ಟಿ ಮೈಲೇಜ್" ಅಂತ ಹೆಸರು. ಸ್ವಾತಂತ್ರ್ಯವನ್ನು ಕಿಲೋಮೀಟರಿನಲ್ಲಿ ಅಳೆದ ಜಗತ್ತಿನ ಏಕೈಕ ಸಂಸ್ಥೆ ಇದೇ ಇರಬೇಕು.

ಈ ಪೆಟ್ಟಿಗೆಯನ್ನು ನಮ್ಮ ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿಗೆ ಕೂರಿಸಿದರೆ ಹೇಗೆ ಅಂತ ನನಗೊಂದು ಆಸೆ. ಕೂಳೂರು ಸೇತುವೆ ದಾಟುವ ಮೊದಲೇ ಅದು ಹೊಗೆ ಬಿಟ್ಟೀತು. ಮುಂದಿನ ಬಸ್ಸಿಗೂ ಹಿಂದಿನ ಬಸ್ಸಿಗೂ ನಡುವೆ ಇರುವ ಆ ಎರಡು ನಿಮಿಷಕ್ಕಾಗಿ ನಡೆಯುವ ಯುದ್ಧವನ್ನು ಭದ್ರತಾ ಮಂಡಳಿ ಇನ್ನೂ ಗಮನಿಸಿಲ್ಲ. ಬ್ರೇಕ್ ಎಲ್ಲೆಲ್ಲಿ ಗಕ್ಕನೆ ಒತ್ತಿದರು ಅಂತ ಬರೆದಿಡಲು ಹೊರಟರೆ ಮೂಲ್ಕಿ ತಲುಪುವಷ್ಟರಲ್ಲಿ ಪೆಟ್ಟಿಗೆಯ ನೆನಪೆಲ್ಲ ತುಂಬಿ, ಪಡುಬಿದ್ರೆಯ ಮೇಲೆ ಅದಕ್ಕೆ ಮರೆವು. ಕಂಡಕ್ಟರ್ ಮಾತ್ರ ಬಾಗಿಲಲ್ಲಿ ನೇತಾಡುತ್ತಾ, ಒಂದು ಕೈಯಲ್ಲಿ ನೋಟು ಮಡಚುತ್ತಾ, ಸೀಟಿ ಊದುತ್ತಾ ಎಂದಿನಂತೆ ಇರುತ್ತಾನೆ. ಅವನಿಗೆ ಯಾವ ಮಿಷನ್ನೂ ಬೇಡ. ನಿಜ ಹೇಳಬೇಕೆಂದರೆ ಮಿಷನ್ನಿಗೇ ಅವನು ಬೇಕು. 80 ಜನ ಇರುವ ಬಸ್ಸಿನಲ್ಲಿ ಯಾರು ಟಿಕೆಟ್ ತೆಗೆದಿಲ್ಲ ಅಂತ ಮುಖ ನೋಡಿಯೇ ಹೇಳುವವನು.

ಮಾವ ನಿವೃತ್ತಿಯಾಗಿ ಬಂದರೂ ಚಟ ಬಿಟ್ಟಿಲ್ಲ. ಅವರ ಹಳೇ ಮಾರುತಿಯ ಡ್ಯಾಶ್‌ಬೋರ್ಡಿನಲ್ಲಿ ಒಂದು ರೂಲ್ಡ್ ನೋಟ್‌ಬುಕ್ ಉಂಟು, ಮಕ್ಕಳ ಶಾಲೆಯದ್ದು, ಹೊದಿಕೆಯ ಮೇಲೆ ಗಣಪತಿ. ಒಳಗೆ ಸ್ಕೇಲ್ ಇಟ್ಟು ಗೆರೆ ಎಳೆದ ಐದು ಕಾಲಂ. ತಾರೀಕು, ಹೊರಟಾಗಿನ ಕಿ.ಮೀ., ತಲುಪಿದಾಗಿನ ಕಿ.ಮೀ., ಸಮಯ, ಕಾರಣ. ಕಾರಣದ ಕೆಳಗೆ ನೋಡಿದರೆ: "ಬೂತಾಯಿ." ಮರುದಿನ: "ಬಂಗುಡೆ." ಅದರ ಮರುದಿನ ಏಕಾದಶಿ, "ಕದ್ರಿ ದೇವಸ್ಥಾನ (ಸ್ವಂತ)." ಸ್ವಂತ ಅಂತ ಬರೆದ ದಿನ ಒಂದು ಡಬ್ಬಿಗೆ ದುಡ್ಡು ಹಾಕುತ್ತಾರೆ. ಎಲ್ಲವೂ ಸ್ವಂತದ್ದೇ ಅಲ್ವಾ, ಕಾರೂ ನಿಮ್ಮದೇ ಅಲ್ವಾ ಅಂತ ಅತ್ತೆ ಕೇಳಿದರೆ, ಮೀನು ಮನೆಯ ಕೆಲಸ, ದೇವರು ಸ್ವಂತ ಕೆಲಸ ಅಂತ ಉತ್ತರ. ಅತ್ತೆ ಆ ಡಬ್ಬಿಯ ದುಡ್ಡಲ್ಲೇ ಮೀನು ತರಿಸುತ್ತಾರೆ ಅನ್ನುವುದು ಲೆಕ್ಕಪರಿಶೋಧನೆಗೆ ಇನ್ನೂ ಸಿಕ್ಕಿಲ್ಲ.

ಇದೇ ಮಾವ ನನ್ನ ಜೊತೆ ಒಮ್ಮೆ ಒಂದು ಸರಕಾರಿ ಕಚೇರಿಗೆ ಬಂದಿದ್ದರು. ಯಾವ ಕಚೇರಿ ಅಂತ ಬೇಡ, ಎಲ್ಲವೂ ಹಾಗೇ. ನನಗೆ ಒಂದು ಸರ್ಟಿಫಿಕೇಟ್ ಬೇಕಿತ್ತು, ಅದು ಇವತ್ತಿಗೂ ಬೇಕು. ಅಂಗಳದಲ್ಲಿ ಒಂದು ಜೀಪು. ಟಯರ್ ಮಣ್ಣಿನೊಳಗೆ, ಬಾನೆಟ್ಟಿನ ಸಂದಿಯಿಂದ ಒಂದು ಅಶ್ವತ್ಥದ ಸಸಿ ಎದೆಮಟ್ಟಕ್ಕೆ ಬೆಳೆದಿದೆ. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿದೆ. 15 ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣ ಆಗುವುದಿಲ್ಲ, ಗುಜರಿಗೆ ಹೋಗಬೇಕು ಅಂತ ಕೇಂದ್ರದ ನಿಯಮವೇ ಉಂಟು. ನಿಯಮ ದಿಲ್ಲಿಯಿಂದ ಹೊರಟಿದೆ, ದಾರಿಯಲ್ಲಿ ನಂತೂರು ಇರುವ ಕಾರಣ ಇನ್ನೂ ತಲುಪಿಲ್ಲ. ಮಾವ ಜೀಪಿನ ಸುತ್ತ ಎರಡು ಸುತ್ತು ಬಂದರು. ಯು.ಎನ್.ನಲ್ಲಿ ಒಂದು ಹಳೇ ಗಾಡಿಯನ್ನು ಪಟ್ಟಿಯಿಂದ ತೆಗೆಯಬೇಕಾದರೆ ಒಂದು ಮಂಡಳಿಯ ಮುಂದೆ ಫೈಲ್ ಹೋಗಬೇಕಂತೆ, ಯಾಕೆ ಕೆಟ್ಟಿತು, ಯಾರ ತಪ್ಪು, ಮಾರಬೇಕಾ, ಬಿಡಿಭಾಗ ಕಳಚಬೇಕಾ ಅಂತ ಬರೆಯಬೇಕಂತೆ. ಇಲ್ಲಿ ಬಿಡಿಭಾಗ ತನ್ನಷ್ಟಕ್ಕೇ ಕಳಚಿ ಹೋಗಿತ್ತು. ಎಷ್ಟು ಸುಲಭ! "ಅಶ್ವತ್ಥ ಬಂದಿದೆ, ಇನ್ನು ಮುಟ್ಟಲಿಕ್ಕಾಗುವುದಿಲ್ಲ" ಅಂತ ಅಲ್ಲಿನ ಗುಮಾಸ್ತರು ಕೈ ಮುಗಿದರು. ಕಟ್ಟೆ ಕಟ್ಟಿಸುವ ಅಂದಾಜುಪಟ್ಟಿ ಆಗುತ್ತಿರಬಹುದು.

ಮಾನ್ಯರ ಮೆರವಣಿಗೆ ಇನ್ನೂ ಹೋಗುತ್ತಲೇ ಇತ್ತು. 2017ರ ಮೇ 1ರಿಂದ ಕೆಂಪು ದೀಪ ತೆಗೆಸಿದರು ನೋಡಿ, ಆವತ್ತು ನಾವೆಲ್ಲ ಎಷ್ಟು ಖುಷಿಪಟ್ಟೆವು! ದೀಪ ಹೋಯಿತು, ಸೈರನ್ ಬಂತು. ಸೈರನ್ ಇಲ್ಲದವರಿಗೆ ಸ್ಟಿಕ್ಕರ್. ಕೊನೆಯ ಮೂರು ಬಿಳಿ ಇನ್ನೋವಾಗಳಿಗೂ ಮಾನ್ಯರಿಗೂ ಏನು ಸಂಬಂಧ ಅಂತ ಸ್ವತಃ ಮಾನ್ಯರಿಗೂ ಗೊತ್ತಿರಲಿಕ್ಕಿಲ್ಲ. ಬಾಲ ಖಾಲಿ ಇತ್ತು, ಹಿಡಿದುಕೊಂಡರು, ಅಷ್ಟೇ.

"ಇವೆಲ್ಲ ಬಾಡಿಗೆಯದ್ದಾ, ಸ್ವಂತದ್ದಾ?" ಅಂತ ಕೇಳಿ ನಾನು ತಪ್ಪು ಮಾಡಿದೆ. ಮಾವ ಶುರು ಮಾಡಿದರು. ವಿಶ್ವಸಂಸ್ಥೆಗೆ ಸ್ವಂತ ಸೈನ್ಯ ಇಲ್ಲ. ದೇಶಗಳು ಸೈನಿಕರನ್ನೂ ಗಾಡಿಯನ್ನೂ ಕಳಿಸುತ್ತವೆ, ಅದಕ್ಕೆ ಬಾಡಿಗೆ ಕೊಡಬೇಕು. ಬಾಡಿಗೆಯಲ್ಲಿ ಎರಡು ಬಗೆ, ವೆಟ್ ಲೀಸ್, ಡ್ರೈ ಲೀಸ್. ಮೊದಲ ಸಲ ಇದನ್ನು ಕೇಳಿದಾಗ ಅತ್ತೆ, ವೆಟ್ ಅಂದರೆ ಮಳೆಗಾಲದ ರೇಟಾ ಅಂತ ಕೇಳಿದ್ದರಂತೆ. ಮಾವ ವಿವರಿಸಿದ್ದು ಹೀಗೆ. ಮದುವೆಗೆ ಬಾಡಿಗೆ ಪಾತ್ರೆ ತರುತ್ತೇವಲ್ಲ? ತೊಳೆದು, ಬೆಳಗಿ, ತೂತು ಬಿದ್ದರೆ ಸರಿ ಮಾಡಿ ಕೊಡುವುದೂ ಪಾತ್ರೆಯವನ ಕೆಲಸವೇ ಆದರೆ ಅದು ವೆಟ್. ಪಾತ್ರೆ ಅವನದ್ದು, ತೊಳೆಯುವುದು ಮದುವೆ ಮನೆಯವರು ಅಂತಾದರೆ ಡ್ರೈ. ತಪಾಸಣೆಯವರು ಬಂದು ಪಾತ್ರೆ ಎಣಿಸುತ್ತಾರೆ. 10ರಲ್ಲಿ 9 ಸರಿ ಇರಲೇಬೇಕು, ಅದಕ್ಕಿಂತ ಕಡಿಮೆಯಾದರೆ ಬಾಡಿಗೆ ಕಡಿಮೆ. ಅಷ್ಟು ಕರಾರುವಾಕ್ಕು.

ಪಾತ್ರೆಯವನ ಲೆಕ್ಕ ಇಷ್ಟು ಚೊಕ್ಕ. ಮದುವೆ ಮನೆಯ ಯಜಮಾನರು ದುಡ್ಡು ಕೊಡುತ್ತಾರಾ? 2025ರ ಅಕ್ಟೋಬರ್‌ನ ಸುದ್ದಿ ನೆನಪಿರಬಹುದು. ಕೈಯಲ್ಲಿ ದುಡ್ಡಿಲ್ಲ, ಹಾಗಾಗಿ 9 ಕಡೆ ಇದ್ದ 50,000ಕ್ಕೂ ಹೆಚ್ಚು ಶಾಂತಿಪಾಲಕರಲ್ಲಿ ಸುಮಾರು ಕಾಲು ಭಾಗ ಮನೆಗೆ ಅಂತ ವಿಶ್ವಸಂಸ್ಥೆ ಹೇಳಿತು. ಶಾಂತಿಪಾಲನೆಯ ಆ ವರ್ಷದ ಬಜೆಟ್ 540 ಕೋಟಿ ಡಾಲರ್. ಅದರಲ್ಲಿ ಅರ್ಧ ಕೊಡಬೇಕಾದವರು ಎರಡೇ ದೇಶ, ಅಮೆರಿಕ ಮತ್ತು ಚೀನಾ. ಜಗಲಿಯಲ್ಲಿ ಕೂತು ಊಟ ಸರಿಯಿಲ್ಲ ಅನ್ನುವ ನೆಂಟರೂ ಅವರೇ.

ಹೋಗಿ ನಿಂತವರು ಯಾರು? ನಮ್ಮಂಥವರು. ಭಾರತ ಇದುವರೆಗೆ 2.9 ಲಕ್ಷಕ್ಕೂ ಹೆಚ್ಚು ಜನರನ್ನು ಕಳಿಸಿದೆ. ಘಟ್ಟದ ಮೇಲೆ ಇಲ್ಲೇ ಪಕ್ಕದ ಕೊಡಗಿನ ಜನರಲ್ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ಈ ಪಡೆಯ ಮುಖ್ಯಸ್ಥರಾಗಿದ್ದಾಗಲೇ, 1965ರ ಡಿಸೆಂಬರ್‌ನಲ್ಲಿ, ಅಲ್ಲೇ ತೀರಿಕೊಂಡರು.

ಗಾಡಿಯ ಲೆಕ್ಕದ ತಮಾಷೆ ಹೇಳುತ್ತಾ ಹೇಳುತ್ತಾ ಮಾವ ಒಂದು ಕಡೆ ಬಂದು ಸುಮ್ಮನಾಗುತ್ತಾರೆ. ಅದು ಅವರ ಕಾಲದ್ದಲ್ಲ, ಆದರೆ ವಾಹನ ವಿಭಾಗದವರಿಗೆಲ್ಲ ಗೊತ್ತಿರುವ ಕಥೆ. 1994ರ ಏಪ್ರಿಲ್ 7ಕ್ಕೆ ರುವಾಂಡದಲ್ಲಿ ಕೊಲೆ ಶುರುವಾಯಿತು. ಎರಡು ವಾರಕ್ಕೆ ಭದ್ರತಾ ಮಂಡಳಿ ಅಲ್ಲಿದ್ದ ಪಡೆಯನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು. ಮೇ ತಿಂಗಳಲ್ಲಿ ಮನಸ್ಸು ಬದಲಾಗಿ 5,500 ಜನ ಹೋಗಲಿ ಅಂದಿತು. ಹೋಗಲು ಗಾಡಿ ಬೇಕಲ್ಲ? ಅಮೆರಿಕದ ಹತ್ತಿರ 50 ಕವಚ ವಾಹನ ಇತ್ತು, ಕೊಡುತ್ತೇವೆ ಅಂದರು. ಆಮೇಲೆ ಚೌಕಾಸಿ. ಬಾಡಿಗೆಗಾ, ಕ್ರಯಕ್ಕಾ? ಚಕ್ರದ್ದಾ, ಚೈನಿನದ್ದಾ? ಸಾಗಾಟದ ಖರ್ಚು ಯಾರದ್ದು? ಬಣ್ಣ ಯಾವುದು? ಹೌದು, ಬಣ್ಣ. ಅವು ಎಂಟೆಬ್ಬೆಗೆ ಬಂದು ಇಳಿದಾಗ ಜೂನ್ ಮುಗಿಯುತ್ತಾ ಬಂದಿತ್ತು. ಸುಮಾರು 100 ದಿನದಲ್ಲಿ ಸತ್ತವರು ಹತ್ತಿರ ಹತ್ತಿರ 8 ಲಕ್ಷ.

ವಾರಕ್ಕೊಮ್ಮೆ ನಗಿಸುವುದು ನನ್ನ ಕೆಲಸ. ಇಲ್ಲಿ ನನಗೆ ಆಗುವುದಿಲ್ಲ. ಆ 50 ಗಾಡಿಗಳ ಕಾಗದಪತ್ರ ಸರಿಯಾಗಿಯೇ ಇದ್ದಿರಬೇಕು. ಎಲ್ಲ ಕಾಲಮ್ಮಿಗೂ ಸಹಿ ಬಿದ್ದಿರಬೇಕು. ಚಾಲಕ ಹತ್ತು ಕಿಲೋಮೀಟರ್ ಜಾಸ್ತಿ ಓಡಿಸಿದರೆ ಸಂಬಳ ಕಡಿಯುತ್ತಾರೆ. ಗಾಡಿ ತಡ ಮಾಡಿದ ದೊಡ್ಡವರ ಸಂಬಳದಲ್ಲಿ ಒಂದು ಪೈಸೆ ಕಡಿದದ್ದು ಯಾರಾದರೂ ಕೇಳಿದ್ದೀರಾ? ನನಗೆ ಸಾಕಾಗಿದೆ ಮಾರಾಯ್ರೇ. ಇಲ್ಲಿಯೂ ಅದೇ, ಅಲ್ಲಿಯೂ ಅದೇ. ಆವತ್ತು ನಂತೂರಿನಲ್ಲಿ ನಮ್ಮ ಮೂರು ಕಾರು ಹಿಂದೆ ಒಂದು ಆಂಬ್ಯುಲೆನ್ಸ್ ಇತ್ತು. ಅದಕ್ಕೂ ಸೈರನ್ ಇತ್ತು. ಅದರ ಸೈರನ್ನಿಗೆ ಯಾರೂ ದಾರಿ ಬಿಡಲಿಲ್ಲ, ಬಿಡಲು ಜಾಗವೇ ಇರಲಿಲ್ಲ. ಮಾವ ಇಳಿದು ಹೋಗಿ ಪೊಲೀಸಪ್ಪನ ಹತ್ತಿರ ಮಾತಾಡಿದರು. ಆ ಹುಡುಗ ಕೈ ತೋರಿಸಿದ್ದು ಮೇಲಕ್ಕೆ. ದೇವರಿಗಾ, ಮೇಲಧಿಕಾರಿಗಾ ಗೊತ್ತಾಗಲಿಲ್ಲ. ಬಿಸಿಲಲ್ಲಿ ನಿಂತು ಅವನ ಮುಖವೂ ಕಪ್ಪಾಗಿತ್ತು.

ಮಾನ್ಯರು ದಾಟಿದ ಮೇಲೆ ಆಂಬ್ಯುಲೆನ್ಸ್ ಹೋಯಿತು. ಅದರೊಳಗೆ ಯಾರಿದ್ದರೋ, ಏನಾಯಿತೋ ಗೊತ್ತಿಲ್ಲ. ನಾವು ದಕ್ಕೆ ಮುಟ್ಟುವಷ್ಟರಲ್ಲಿ ಒಳ್ಳೆಯ ಮೀನೆಲ್ಲ ಖಾಲಿ. ಬುಟ್ಟಿಯ ತಳದಲ್ಲಿ ಕಣ್ಣು ಕೆಂಪಾದ ನಾಲ್ಕು ಬಂಗುಡೆ ಉಳಿದಿತ್ತು, ಅದಕ್ಕೂ ಹೆಂಗಸು ಬೆಳಗ್ಗಿನ ರೇಟೇ ಹೇಳಿದಳು. ವಾಪಸು ಬಂದು ಮಾವ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಗಣಪತಿಯ ಪುಸ್ತಕ ತೆಗೆದರು. ಮೀಟರ್ ನೋಡಿ ಕಿಲೋಮೀಟರ್ ಬರೆದರು. ಸಮಯದ ಕಾಲಮ್ಮಿನಲ್ಲಿ "ನಂತೂರು: 40 ನಿಮಿಷ" ಅಂತ ಬರೆದರು. ಕಾರಣದ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಮೊದಲು "ಬಂಗುಡೆ" ಅಂತ ಬರೆದು ಹೊಡೆದು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ಆ ಮನುಷ್ಯ ಎಲ್ಲಿಗೆ ಹೋಗುತ್ತಿದ್ದದ್ದು?" ಅಂತ ಕೇಳಿದರು.

"ಯಾರದ್ದೋ ಗೃಹಪ್ರವೇಶಕ್ಕಂತೆ," ಅಂದೆ.

ಅದನ್ನೇ ಬರೆದರು. ಪಕ್ಕದಲ್ಲಿ ಬ್ರಾಕೆಟಿನೊಳಗೆ, ಸ್ವಂತ.