ಸ್ಪಷ್ಟನೆ: ಲಾಗಿನ್ ಪುಟ ಬಂದರೆ ವೈಫೈ ಸುರಕ್ಷಿತ ಎಂಬುದು ತಪ್ಪು

‘ಒಟಿಪಿ ಕೇಳುವ ಲಾಗಿನ್ ಪುಟ ಹಾಕಿದರೆ ಸಾಕು, ವೈಫೈಗೆ ಬೇರೆ ಪಾಸ್‌ವರ್ಡ್ ಬೇಡ, ಡೇಟಾ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಲಾಗಿನ್ ಪುಟ ಮಾಡುವ ಕೆಲಸ ಒಂದೇ: ಯಾರನ್ನು ಇಂಟರ್ನೆಟ್‌ಗೆ ಬಿಡಬೇಕೆಂದು ತೀರ್ಮಾನಿಸುವುದು. ಫೋನ್ ಅಷ್ಟರಲ್ಲಾಗಲೇ ನೆಟ್‌ವರ್ಕ್‌ಗೆ ಸೇರಿ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ಗುರುತಿನ ಸಂಖ್ಯೆ) ಪಡೆದಿರುತ್ತದೆ. ಗಾಳಿಯಲ್ಲಿ ಹೋಗುವ ಡೇಟಾಕ್ಕೆ ಬೀಗ ಹಾಕುವುದು, ಅಂದರೆ ಎನ್‌ಕ್ರಿಪ್ಟ್ ಮಾಡುವುದು, ಲೇಯರ್ 2 ಸೆಕ್ಯುರಿಟಿ (ಫೋನ್ ಮತ್ತು ವೈಫೈ ಪೆಟ್ಟಿಗೆಯ ನಡುವಿನ ಸಂಪರ್ಕದ ಭದ್ರತೆ). ಅಲ್ಲಿ ‘ಓಪನ್’ ಇದ್ದರೆ, ಲಾಗಿನ್ ಆದ ಮೇಲೂ ಪಕ್ಕದವರು ಡಿಎನ್ಎಸ್ ವಿಚಾರಣೆಗಳನ್ನೂ (ನೀವು ತೆರೆಯುವ ತಾಣದ ಹೆಸರಿಗೆ ಐಪಿ ವಿಳಾಸ ಹುಡುಕುವ ಕೋರಿಕೆಗಳು) ಎನ್‌ಕ್ರಿಪ್ಟ್ ಆಗದ ಎಚ್‌ಟಿಟಿಪಿ ಪುಟಗಳನ್ನೂ ಓದಬಹುದು. ತಾವೇ ಎನ್‌ಕ್ರಿಪ್ಟ್ ಮಾಡುವ ಎಚ್‌ಟಿಟಿಪಿಎಸ್ ತಾಣಗಳ ಒಳವಿಷಯ ಮಾತ್ರ ಕಾಣದು. ಲಾಗಿನ್ ಆದವರನ್ನು ಮ್ಯಾಕ್ ವಿಳಾಸದಿಂದಲೇ (ಸಾಧನ ವೈಫೈಗೆ ತೋರಿಸುವ ಗುರುತಿನ ಸಂಖ್ಯೆ) ಗುರುತಿಸುವ ಕಡೆ, ಅದನ್ನು ನಕಲು ಮಾಡಿ ಒಳನುಗ್ಗುವುದೂ ಕಷ್ಟವಲ್ಲ.

ಹಾಗಾದರೆ ಏನಿಡಬೇಕು? ಅತಿಥಿ ನೆಟ್‌ವರ್ಕ್‌ಗೆ ಲಾಗಿನ್ ಪುಟದ ಜೊತೆಗೆ ಡಬ್ಲ್ಯೂಪಿಎ3 (ವೈಫೈ ಡೇಟಾ ಎನ್‌ಕ್ರಿಪ್ಟ್ ಮಾಡುವ ಹೊಸ ಭದ್ರತಾ ಮಾನದಂಡ) ಪಾಸ್‌ವರ್ಡ್ ಇಡಿ. ಹಳೆಯ ಫೋನ್‌ಗಳಿದ್ದರೆ ಅದರ ಹಿಂದಿನ ಆವೃತ್ತಿ ಡಬ್ಲ್ಯೂಪಿಎ2 ಆದೀತು. ಆದರೆ ಪಾಸ್‌ವರ್ಡ್ ಗೊತ್ತಿದ್ದು, ನೀವು ಸಂಪರ್ಕಿಸುವ ಕ್ಷಣದ ಹ್ಯಾಂಡ್‌ಶೇಕ್ (ಫೋನ್ ಮತ್ತು ವೈಫೈ ಮೊದಲಿಗೆ ಮಾಡುವ ಸಂದೇಶ ವಿನಿಮಯ) ಹಿಡಿದವರು ಡಬ್ಲ್ಯೂಪಿಎ2 ಬೀಗವನ್ನೂ ಬಿಡಿಸಬಲ್ಲರು. ಪಾಸ್‌ವರ್ಡೇ ಬೇಡವೆಂದರೆ 2018ರಲ್ಲಿ ಬಂದ ‘ಎನ್‌ಹ್ಯಾನ್ಸ್ಡ್ ಓಪನ್’ (ಒಡಬ್ಲ್ಯೂಇ) ಆರಿಸಿ; ಅದು ಪಾಸ್‌ವರ್ಡ್ ಇಲ್ಲದೆಯೇ ಡೇಟಾ ಎನ್‌ಕ್ರಿಪ್ಟ್ ಮಾಡುತ್ತದೆ. ನಕಲಿ ಹಾಟ್‌ಸ್ಪಾಟ್‌ನಿಂದ ಇದು ಕಾಪಾಡದು, ನೆನಪಿರಲಿ.

ಇನ್ನೆರಡು ಮಾತು. ಲಾಗಿನ್‌ಗೆ ಮುಂಚೆ ಡಿಎನ್ಎಸ್, ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ ವ್ಯವಸ್ಥೆ) ಮತ್ತು ಲಾಗಿನ್ ಪುಟ ಕೊಡುವ ಪೋರ್ಟಲ್ ಸರ್ವರನ್ನು ಬಿಡದಿದ್ದರೆ ಪುಟ ತೆರೆಯುವುದೇ ಇಲ್ಲ. ಪೋರ್ಟಲ್‌ಗೆ ಸ್ವಯಂಸಹಿಯ ಸರ್ಟಿಫಿಕೇಟ್ (ಮಾನ್ಯ ಸಂಸ್ಥೆಯ ಬದಲು ನಾವೇ ಸಹಿ ಮಾಡಿದ ಗುರುತಿನ ಪ್ರಮಾಣಪತ್ರ) ಹಾಕಿದರೆ ಬ್ರೌಸರ್ ಎಚ್ಚರಿಕೆ ತೋರಿಸುತ್ತದೆ. ‘ಪರವಾಗಿಲ್ಲ, ಮುಂದುವರಿಯಿರಿ’ ಎಂದು ಜನರಿಗೆ ಕಲಿಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ.

ಹಳೆಯ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.